ಒಬ್ಬನೇ ನಿಂತು ದೊಡ್ಡ ಪೈಪು ಜೋಡಿಸಲು ನಾನು ಆರಿಸಿಕೊಂಡ ಕ್ಲಾಂಪುಗಳು

12 ಇಂಚಿನ ಪೈಪನ್ನು ನೆರವಿಗೆ ಯಾರೂ ಇಲ್ಲದೆ ಬೆಸುಗೆಗಾಗಿ ಇನ್ನೊಂದಕ್ಕೆ ಜೋಡಿಸಬೇಕಾಗಿ ಬಂದ ಮೊದಲ ಸಲ ನನ್ನ ಬಳಿ ಪೈಪಿಗೆಂದೇ ಮಾಡಿದ ಕ್ಲಾಂಪ್, ಅಂದರೆ ಎರಡು ಪೈಪುಗಳ ಬಾಯಿಗಳನ್ನು ಒಂದೇ ಮಟ್ಟದಲ್ಲಿ ಬಿಗಿದು ಹಿಡಿಯುವ ಸಾಧನ, ಇರಲಿಲ್ಲ. ಒಂದು ಪೈಪಿನ ಮೈಗೆ ಆಂಗಲ್ ತುಂಡುಗಳನ್ನು ಬೆಸೆದು, ಅವು ಇನ್ನೊಂದು ಪೈಪಿನ ಮೇಲೆ ಚಾಚಿಕೊಳ್ಳುವಂತೆ ಮಾಡಿ, ಸಂದಿಗೆ ಬೆಣೆ ಹೊಡೆದು ಮಟ್ಟ ತಂದಿದ್ದೆ. ಮೂರು ಟ್ಯಾಕ್ (ಪೂರ್ತಿ ಬೆಸೆಯುವ ಮೊದಲು ಹಿಡಿದಿಡುವ ಪುಟ್ಟ ಬೆಸುಗೆ) ಹಾಕಿದೆ. ನಾಲ್ಕನೆಯದಕ್ಕೆಂದು ಆಚೆ ಬದಿಗೆ ಹೋಗುವಷ್ಟರಲ್ಲಿ ಪೈಪನ್ನು ಹೊತ್ತಿದ್ದ ದೂರದ ಸ್ಟ್ಯಾಂಡಿನ ಒಂದು ಕಾಲು ಮಣ್ಣಿನಲ್ಲಿ ಕುಸಿಯಿತು. ಒಣಕಡ್ಡಿ ಮುರಿದಂಥ ಸದ್ದು ಕೇಳಿಸಿತು. ಪೈಪಿನ ಆ ತುದಿ ಇಳಿದ ಕೂಡಲೇ ಈ ತುದಿಯ ನೆತ್ತಿ ಹಿಂದಕ್ಕೆ ವಾಲಿ, ಮೇಲಿನ ಟ್ಯಾಕ್ ನಡುವೆ ಸೀಳಿತ್ತು. ನಾನು ದೂರದಲ್ಲಿ ನಿಂತಿದ್ದರಿಂದ ಏನೂ ಆಗಲಿಲ್ಲ. ಅರ್ಧ ನಿಮಿಷ ಮೊದಲಾಗಿದ್ದರೆ ಎರಡು ಬಾಯಿಗಳ ನಡುವಿನ ಗ್ಯಾಪ್ ನೋಡುತ್ತ ಅಲ್ಲೇ ಬಾಗಿರುತ್ತಿದ್ದೆ.

ಆ ದಿನ ನಾನು ಕಲಿತದ್ದು ತಪ್ಪು ಪಾಠ. ಗಟ್ಟಿಯಾದ ಕ್ಲಾಂಪ್ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಎಂದುಕೊಂಡು, ಸಿಕ್ಕಿದ್ದರಲ್ಲೇ ದಪ್ಪನೆಯ ಚೈನ್ ಕ್ಲಾಂಪನ್ನು ತಂದುಕೊಂಡೆ. ಅದರ ತಿರುಪಿನಿಂದಲೇ ಪೈಪನ್ನು ಎತ್ತಿ ಮಟ್ಟಕ್ಕೆ ತರಲು ಹೋಗಿ ಎರಡೇ ಕೆಲಸದಲ್ಲಿ ತಿರುಪು ಬಗ್ಗಿಸಿದೆ. ಪೈಪಿನ ಭಾರವನ್ನು ಸ್ಟ್ಯಾಂಡ್ ಹೊರಬೇಕು, ಬಾಯಿಯ ಆಕಾರವನ್ನು ಕ್ಲಾಂಪ್ ಹಿಡಿಯಬೇಕು. ಕ್ಲಾಂಪಿಗೆ ಎರಡನ್ನೂ ಹೊರಿಸಿದರೆ ಎರಡೂ ಕೆಡುತ್ತವೆ. ಇದು ತಲೆಗೆ ಹತ್ತಿದ ಮೇಲೆ ಕ್ಲಾಂಪ್ ಆರಿಸುವುದು ಬಹಳ ಸುಲಭವಾಯಿತು.

ಭಾರದ ಲೆಕ್ಕವನ್ನು ಈಗ ಪ್ರತಿ ಸಲವೂ ಕಾಗದದ ಮೇಲೆ ಮಾಡುತ್ತೇನೆ. ಹೊರವ್ಯಾಸದಿಂದ ಗೋಡೆಯ ದಪ್ಪವನ್ನು ಕಳೆದು, ಬಂದದ್ದನ್ನು ದಪ್ಪದಿಂದ ಗುಣಿಸಿ, ಮತ್ತೆ 0.02466ರಿಂದ ಗುಣಿಸಿದರೆ ಉಕ್ಕಿನ ಪೈಪು ಒಂದು ಮೀಟರಿಗೆ ಎಷ್ಟು ಕಿಲೋ ಎಂಬುದು ಸಿಗುತ್ತದೆ. ಅಳತೆಗಳು ಮಿಲಿಮೀಟರಿನಲ್ಲಿರಬೇಕು. ಹೆಸರಿಗೆ 12 ಇಂಚಿನದಾದ ಪೈಪಿನ ಹೊರವ್ಯಾಸ 323.9 ಮಿ.ಮೀ., ದಪ್ಪ 9.53 ಮಿ.ಮೀ. ಇದ್ದರೆ ಮೀಟರಿಗೆ ಸುಮಾರು 74 ಕಿಲೋ. 6 ಮೀಟರಿನ ತುಂಡು 440 ಕಿಲೋ ದಾಟುತ್ತದೆ. ಇದನ್ನು ಚೈನ್ ಪುಲ್ಲಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಬೇಕು, ಸ್ಟ್ಯಾಂಡಿನ ತಿರುಪಿನಿಂದ ಏರಿಸಿ ಇಳಿಸಬೇಕು. ಒಂದು ಪೈಪಿಗೆ ಎರಡು ಸ್ಟ್ಯಾಂಡ್ ಇಡುತ್ತೇನೆ. ಒಂದು ಜೋಡಣೆಯಿಂದ ಮುಕ್ಕಾಲು ಮೀಟರ್ ದೂರದಲ್ಲಿ, ಇನ್ನೊಂದು ಆಚೆ ತುದಿಯಿಂದ ಒಂದು ಮೀಟರಿಗಿಂತ ಸ್ವಲ್ಪ ಒಳಗೆ. ಪೈಪಿನ ನಡುಭಾಗ ಎರಡೂ ಸ್ಟ್ಯಾಂಡುಗಳ ಮಧ್ಯೆ ಬರಲೇಬೇಕು. ಕಾಲುಗಳ ಕೆಳಗೆ ದಪ್ಪ ತಗಡು, ಪೈಪಿನ ಇಕ್ಕೆಲಗಳಲ್ಲಿ ಉರುಳದಂತೆ ಮರದ ಬೆಣೆ. ಪೈಪಿನ ಅಡಿಯಲ್ಲಿ ಗ್ರೈಂಡರ್ ಹಿಡಿದ ಕೈ ಆಡುವಷ್ಟು ಜಾಗ ಬಿಡುತ್ತೇನೆ. ಕ್ಲಾಂಪನ್ನು ಸುತ್ತುವುದಕ್ಕೂ ಅಷ್ಟೇ ಜಾಗ ಬೇಕು.

ಇಷ್ಟಾದ ಮೇಲೂ ಎರಡು ಬಾಯಿಗಳು ಕೂಡದೆ ಹೋದರೆ ಕಾರಣ ಮೂರರಲ್ಲಿ ಒಂದಾಗಿರುತ್ತದೆ. ಕ್ಲಾಂಪ್ ತೆಗೆದುಕೊಳ್ಳುವ ಮೊದಲು ಅದು ಯಾವುದೆಂದು ಕಂಡುಕೊಳ್ಳುವುದಕ್ಕೆ ನಾನು ಬಹಳ ಸಮಯ ಕೊಡುತ್ತೇನೆ. ಮೊದಲು ಎರಡೂ ತುದಿಗಳ ಸುತ್ತಳತೆಯನ್ನು ಟೇಪಿನಿಂದ ಅಳೆಯುತ್ತೇನೆ. ಒಂದು ಸಲ ಒಂದರದ್ದು 1018 ಮಿ.ಮೀ., ಇನ್ನೊಂದರದ್ದು 1024 ಮಿ.ಮೀ. ಬಂತು. ವ್ಯತ್ಯಾಸವಾದ 6ನ್ನು 3.14ರಿಂದ ಭಾಗಿಸಿದರೆ ವ್ಯಾಸದಲ್ಲಿ ಸುಮಾರು 1.9 ಮಿ.ಮೀ. ಅಂತರ, ಅಂದರೆ ಪ್ರತಿ ಬದಿಗೂ ಒಂದು ಮಿಲಿಮೀಟರಿನಷ್ಟು ಮೆಟ್ಟಿಲು. ಈ ಮೆಟ್ಟಿಲನ್ನು ಜಗತ್ತಿನ ಯಾವ ಕ್ಲಾಂಪೂ ಅಳಿಸುವುದಿಲ್ಲ. ಒಂದೇ ಕಡೆಗೆ ಎರಡು ಮಿಲಿಮೀಟರ್ ಸೇರಿಕೊಳ್ಳದಂತೆ ಸುತ್ತಲೂ ಸಮನಾಗಿ ಹಂಚುವುದಷ್ಟೇ ನಮ್ಮ ಕೈಯಲ್ಲಿರುವುದು. ಎಎಸ್‌ಟಿಎಂ ಎ53 ಮಾನದಂಡದ ಪೈಪಿನಲ್ಲಿ ಹೊರವ್ಯಾಸ ಶೇ 1ರಷ್ಟು ಹೆಚ್ಚು ಅಥವಾ ಕಡಿಮೆ ಇರಲು ಅವಕಾಶವಿದೆ. 12 ಇಂಚಿಗೆ ಅದು 3 ಮಿ.ಮೀ.ಗಿಂತ ಹೆಚ್ಚಾಗುತ್ತದೆ. ಆದ್ದರಿಂದ ಒಂದೇ ರಾಶಿಯ ಎರಡು ಪೈಪುಗಳು ಬೇರೆ ಬೇರೆ ಬಂದರೆ ಈಗ ನನಗೆ ಆಶ್ಚರ್ಯವಾಗುವುದಿಲ್ಲ.

ಸುತ್ತಳತೆ ಒಂದೇ ಇದ್ದು, ಬಾಯಿಯ ಅಡ್ಡ ಅಳತೆಗೂ ಮೇಲಿಂದ ಕೆಳಗಿನ ಅಳತೆಗೂ ವ್ಯತ್ಯಾಸ ಬಂದರೆ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗಿದೆ ಎಂದರ್ಥ. ಅದಕ್ಕೆ ಕ್ಲಾಂಪ್ ಬೇಕು, ಅದೂ ಒತ್ತುವ ತಿರುಪುಗಳಿರುವ ಕ್ಲಾಂಪ್. ಅದಕ್ಕೂ ಮೊದಲು ಒಂದು ಪೈಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ನೋಡುತ್ತೇನೆ. ಉಬ್ಬಿಗೆ ಉಬ್ಬು ಎದುರಾದರೆ ಅರ್ಧ ಕೆಲಸ ಬಲಪ್ರಯೋಗವಿಲ್ಲದೆ ಮುಗಿದಿರುತ್ತದೆ. ಉದ್ದಕ್ಕೆ ಬೆಸುಗೆಯಿರುವ ಪೈಪುಗಳಾದರೆ ಆ ಎರಡು ಬೆಸುಗೆಗಳು ಒಂದೇ ಗೆರೆಯಲ್ಲಿ ಬರದಂತೆ ನೋಡಿಕೊಂಡು ತಿರುಗಿಸಬೇಕು.

ಮೂರನೆಯದು ಓರೆ. ಬಾಯಿಯ ಅಂಚುಗಳು ಕೂಡಿರುತ್ತವೆ, ಆದರೆ ಗ್ಯಾಪ್ ಮೇಲೆ ಹೆಚ್ಚು, ಕೆಳಗೆ ಕಡಿಮೆ. ಒಂದು ಮಿಲಿಮೀಟರ್ ತಾನೇ ಎಂದು ನಾನೂ ಬಿಟ್ಟಿದ್ದೇನೆ. 323.9 ಮಿ.ಮೀ. ವ್ಯಾಸದಲ್ಲಿ ಒಂದು ಮಿಲಿಮೀಟರ್ ಓರೆಯಾದರೆ 6 ಮೀಟರಿನ ಆಚೆ ತುದಿ 18 ಮಿ.ಮೀ.ಗಿಂತ ಹೆಚ್ಚು ತಪ್ಪುತ್ತದೆ. ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಅದು ನಮಗೇ ಅನುಕೂಲ. ದೂರದ ಸ್ಟ್ಯಾಂಡಿನ ತಿರುಪನ್ನು ಒಂದೆರಡು ಸುತ್ತು ಆಡಿಸಿದರೆ ಗ್ಯಾಪ್ ಕೂದಲೆಳೆಯಷ್ಟು ಬದಲಾಗುತ್ತದೆ. ಗ್ಯಾಪನ್ನು ಸರಿಪಡಿಸುವ ಅತ್ಯಂತ ನಾಜೂಕಿನ ಸಾಧನ ಜೋಡಣೆಯಿಂದ ನಾಲ್ಕೈದು ಮೀಟರ್ ದೂರದಲ್ಲಿದೆ! ದೂರದ್ದನ್ನು ಆಡಿಸಿದಾಗ ಹತ್ತಿರದ ತುದಿಯೂ ಸ್ವಲ್ಪ ಏರಿಳಿಯುವುದರಿಂದ ಹತ್ತಿರದ ಸ್ಟ್ಯಾಂಡನ್ನೂ ಹಿಂದೆಯೇ ಸರಿಪಡಿಸಬೇಕು. ಒಬ್ಬನೇ ಇದ್ದಾಗ ಇದಕ್ಕೆ ಹತ್ತಾರು ಸಲ ಓಡಾಡಬೇಕಾಗುತ್ತದೆ. ಓಡಾಡುತ್ತೇನೆ.

ಇನ್ನು ಕ್ಲಾಂಪಿನ ಮಾತು. ನೆರವಿಗೆ ಇನ್ನೊಬ್ಬರಿದ್ದಾಗ ಯಾವ ಕ್ಲಾಂಪಾದರೂ ಕೆಲಸ ಮಾಡುತ್ತದೆ. ಒಬ್ಬನೇ ಇದ್ದಾಗ ನಾನು ಕೇಳುವ ಪ್ರಶ್ನೆ ಒಂದೇ: ಎರಡನೆಯ ಪೈಪು ಬರುವ ಮೊದಲೇ ಇದು ಮೊದಲ ಪೈಪಿನ ಮೇಲೆ ತಾನಾಗಿ ನಿಲ್ಲುತ್ತದೆಯೇ? ಒಂದು ಸಾಲಿನ ಚೈನ್ ಕ್ಲಾಂಪ್ ನಿಲ್ಲುತ್ತದೆ. ಅದರ ಸರಪಳಿ ಒಂದೇ ಪೈಪನ್ನು ಸುತ್ತಿ ಬಿಗಿಯುತ್ತದೆ. ಸರಪಳಿಯ ಮೇಲೆ ಅಲ್ಲಲ್ಲಿ ಕೂರುವ ತೋಳುಗಳು ಜೋಡಣೆಯನ್ನು ದಾಟಿ ಆಚೆಗೆ ಚಾಚುತ್ತವೆ. ತೋಳಿನ ತುದಿಯ ತಿರುಪು ಇನ್ನೊಂದು ಪೈಪನ್ನು ಒತ್ತುತ್ತದೆ. ತಿರುಪುಗಳನ್ನೆಲ್ಲ ಹಿಂದಕ್ಕೆ ಎಳೆದಿಟ್ಟರೆ ತೋಳುಗಳು ಬಿಡಿಸಿದ ಬೆರಳುಗಳಂತೆ ತೆರೆದಿರುತ್ತವೆ. ಎರಡನೆಯ ಪೈಪನ್ನು ನಿಧಾನವಾಗಿ ಅವುಗಳ ನಡುವೆ ತೂರಿಸಿದರೆ ಸಾಕು. ನನ್ನ ಎರಡೂ ಕೈ ಪುಲ್ಲಿಗೂ ಪೈಪಿಗೂ ಉಳಿಯುತ್ತವೆ. ಇದೊಂದೇ ಕಾರಣಕ್ಕೆ 8 ಇಂಚಿನಿಂದ ಮೇಲಕ್ಕೆ ನನ್ನ ಮೊದಲ ಆಯ್ಕೆ ಇದು. ಸರಪಳಿಯ ಉದ್ದ ಬದಲಾಯಿಸಿಕೊಳ್ಳಬಹುದಾದ್ದರಿಂದ ಹಲವು ಅಳತೆಗಳಿಗೆ ಒಂದೇ ಕ್ಲಾಂಪ್ ಸಾಕಾಗುತ್ತದೆ ಎಂಬುದು ಇನ್ನೊಂದು ಗುಣ. ಕೊಳ್ಳುವಾಗ ತೋಳುಗಳ ಸಂಖ್ಯೆ ನೋಡಿ. ಮೊಟ್ಟೆಯಾಕಾರವನ್ನು ತಿದ್ದುವುದು ತೋಳಿನ ತಿರುಪುಗಳೇ ಆದ್ದರಿಂದ, ದೊಡ್ಡ ಪೈಪಿಗೆ ಮೂರು ನಾಲ್ಕು ತೋಳಿನದ್ದು ಸಾಲುವುದಿಲ್ಲ. ತೋಳುಗಳು ಕಮಾನಿನಂತೆ ಎತ್ತರವಾಗಿದ್ದರೆ ಅವುಗಳ ಅಡಿಯಲ್ಲಿ ಬೆಸುಗೆಯ ರಾಡೂ ಗ್ರೈಂಡರೂ ಆಡುತ್ತವೆ.

ಎರಡು ಸಾಲಿನ ಚೈನ್ ಕ್ಲಾಂಪ್ ಎರಡೂ ಪೈಪುಗಳನ್ನು ಬಿಗಿಯುತ್ತದೆ. ದಪ್ಪ ಗೋಡೆಯ ಪೈಪಿಗೆ ಅದರ ಬಲ ಬೇಕಾಗುತ್ತದೆ. ಆದರೆ ಭಾರ ಹೆಚ್ಚು, ಒಬ್ಬನಿಗೆ ಸುತ್ತುವುದು ಕಷ್ಟ. ಎರಡು ಮೂರು ಬಾರಿಯಷ್ಟೇ ಬಳಸಿದ್ದೇನೆ.

ಪಂಜರದಂಥ ಕ್ಲಾಂಪನ್ನು ನಾನು ಬಹಳ ದಿನ ಕಡೆಗಣಿಸಿದ್ದೆ. ಎರಡು ಉಂಗುರಗಳು, ನಡುವೆ ಅಡ್ಡಪಟ್ಟಿಗಳು, ಒಂದು ಕಡೆ ತಿರುಗಣೆ, ಇನ್ನೊಂದು ಕಡೆ ಎಳೆದು ಬಿಗಿಯುವ ಹಿಡಿ. ಒಂದು ಅಳತೆಗೆ ಒಂದೇ. ಎರಡೂ ಪೈಪುಗಳು ಮೊದಲೇ ಮಟ್ಟದಲ್ಲಿರಬೇಕು. ಇಲ್ಲದಿದ್ದರೆ ಎತ್ತು ಏರಿಗೆ, ಕೋಣ ನೀರಿಗೆ ಎಳೆದ ಹಾಗೆ ಹಿಡಿ ಮುಚ್ಚುವುದೇ ಇಲ್ಲ. ಆದರೆ ಒಂದೇ ಅಳತೆಯ ಹತ್ತಾರು ಜೋಡಣೆಗಳು ಸಾಲಾಗಿ ಬಂದಾಗ, ಸ್ಟ್ಯಾಂಡುಗಳನ್ನು ಒಮ್ಮೆ ಸರಿಯಾಗಿ ಹೊಂದಿಸಿಕೊಂಡರೆ ಇದರ ವೇಗಕ್ಕೆ ಬೇರೊಂದಿಲ್ಲ. 12 ಇಂಚಿನವರೆಗೆ ಒಬ್ಬನೇ ಎತ್ತಿ ಹಾಕುತ್ತೇನೆ. ಅದಕ್ಕಿಂತ ದೊಡ್ಡದನ್ನು ಪುಲ್ಲಿಗೆ ತೂಗಿಹಾಕಿಯೇ ಇಳಿಸಬೇಕು. ಪೈಪಿನ ಒಳಗಿನಿಂದ ಹಿಗ್ಗಿ ಹಿಡಿಯುವ, ಗಾಳಿಯ ಒತ್ತಡದಿಂದ ನಡೆಯುವ ಕ್ಲಾಂಪುಗಳು ಉದ್ದನೆಯ ಕೊಳವೆ ಮಾರ್ಗಗಳ ದೊಡ್ಡ ತಂಡಗಳಿಗೆ ಸರಿ. ನನ್ನಂಥವನ ಕೆಲಸಕ್ಕೆ ಒದಗುವುದಿಲ್ಲ.

ಆಂಗಲ್ ತುಂಡು, ಬೆಣೆಗಳ ಹಳೆಯ ವಿಧಾನವನ್ನು ಪೂರ್ತಿ ಬಿಟ್ಟಿಲ್ಲ. ಕ್ಲಾಂಪ್ ಸುತ್ತಲು ಜಾಗವಿಲ್ಲದ ಕಡೆ, ಸಾಧಾರಣ ಕಾರ್ಬನ್ ಉಕ್ಕಿಗೆ ಮಾತ್ರ ಬಳಸುತ್ತೇನೆ. ಬೆಸೆದ ಪ್ರತಿಯೊಂದು ಕಡೆಯೂ ಕಿತ್ತ ಮೇಲೆ ನುಣುಪಾಗಿ ಉಜ್ಜಿ, ಬಿರುಕು ಇದೆಯೇ ಎಂದು ನೋಡಬೇಕು. ಸುತ್ತಿಗೆಯಿಂದ ಹೊಡೆದು ಕಿತ್ತರೆ ಪೈಪಿನ ಮೈಯೇ ಚೂರು ಕಿತ್ತುಬರುತ್ತದೆ.

ಚೈನ್ ಕ್ಲಾಂಪನ್ನು ಒಬ್ಬನೇ ಸುತ್ತುವಾಗ ಸರಪಳಿಯ ತುದಿಗೆ ಒಂದು ಗಟ್ಟಿ ದಾರ ಕಟ್ಟಿ, ದಾರವನ್ನು ಪೈಪಿನ ಅಡಿಯಿಂದ ಆಚೆಗೆ ಎಸೆದು, ಬಳಸಿ ಹೋಗಿ ಎಳೆದುಕೊಳ್ಳುತ್ತೇನೆ. ಪೈಪಿನ ಅಡಿಗೆ ತೋಳು ಚಾಚುವ ಪ್ರಸಂಗವೇ ಬರುವುದಿಲ್ಲ. ಜೋಡಣೆಯ ನಡುವೆ ಬೆರಳನ್ನಂತೂ ಎಂದಿಗೂ ಇಡುವುದಿಲ್ಲ. ಗ್ಯಾಪಿಗೆ 3.15 ಮಿ.ಮೀ. ರಾಡಿನ ಲೇಪನ ಉದುರಿಸಿ, ಒಳಗಿನ ತಂತಿಯನ್ನು ಬಾಗಿಸಿ ಬೆವೆಲಿನ (ಬೆಸುಗೆಗಾಗಿ ಓರೆ ಮಾಡಿದ ಅಂಚಿನ) ನಡುವೆ ತೂಗುಹಾಕುತ್ತೇನೆ. ಮೇಲೊಂದು, ಎರಡೂ ಪಕ್ಕಕ್ಕೆ ಒಂದೊಂದು. ಆಮೇಲೆ ತಿರುಪುಗಳನ್ನು ಎದುರುಬದುರಾಗಿ, ಪ್ರತಿ ಸಲ ಅರ್ಧ ಸುತ್ತಿನಷ್ಟೇ ಬಿಗಿಯುತ್ತೇನೆ. ಒಂದು ಬದಿಯನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ಉಬ್ಬು ಸುಮ್ಮನೆ ಜಾಗ ಬದಲಿಸುತ್ತದೆ. ಒಳಗಿನ ಮೆಟ್ಟಿಲು 1.5 ಮಿ.ಮೀ. ದಾಟಬಾರದು ಎಂಬುದು ನನ್ನ ಮಿತಿ. ಕೆಲಸದ ವಿಧಾನಪತ್ರದಲ್ಲಿ ಬೇರೆ ಅಳತೆ ಇದ್ದರೆ ಅದೇ ಅಂತಿಮ.

ಟ್ಯಾಕ್ ಮೊದಲು ನೆತ್ತಿಗೆ, ಆಮೇಲೆ ಅಡಿಗೆ, ಅನಂತರ ಎರಡು ಪಕ್ಕಕ್ಕೆ. ಪ್ರತಿಯೊಂದೂ 25 ಮಿ.ಮೀ. ಉದ್ದವಾದರೂ ಇರಬೇಕು, ರೂಟ್, ಅಂದರೆ ಜೋಡಣೆಯ ತಳದವರೆಗೆ ಕರಗಿರಬೇಕು, ಎರಡೂ ತುದಿಗಳನ್ನು ಗ್ರೈಂಡರಿನಿಂದ ಇಳಿಜಾರು ಮಾಡಿರಬೇಕು. ಟ್ಯಾಕ್ ತಣ್ಣಗಾಗುತ್ತ ತನ್ನ ಕಡೆಗೆ ಗ್ಯಾಪನ್ನು ಎಳೆದುಕೊಳ್ಳುತ್ತದೆ. ಅದಕ್ಕಾಗಿ ಬೇಕಾದ್ದಕ್ಕಿಂತ ಅರ್ಧ ಮಿಲಿಮೀಟರ್ ಹೆಚ್ಚು ಬಿಟ್ಟುಕೊಳ್ಳುತ್ತೇನೆ. ಮೊದಲ ಟ್ಯಾಕ್ ಆದ ಕೂಡಲೇ ಉದ್ದನೆಯ ಪಟ್ಟಿಯನ್ನು ನೆತ್ತಿಯ ಮೇಲೂ ಪಕ್ಕದಲ್ಲೂ ಇಟ್ಟು ನೇರ ನೋಡುತ್ತೇನೆ. ಆಗ ತಪ್ಪು ಕಂಡರೆ ಒಂದು ಟ್ಯಾಕ್ ಕತ್ತರಿಸಿದರೆ ಸಾಕು. ವೆಲ್ಡಿಂಗ್ ಯಂತ್ರದ ಅರ್ಥಿಂಗ್ ಕ್ಲಾಂಪನ್ನು ಜೋಡಣೆಯ ಹತ್ತಿರ ಪೈಪಿಗೇ ಹಾಕಬೇಕು. ಸ್ಟ್ಯಾಂಡಿಗೆ ಹಾಕಿದರೆ ವಿದ್ಯುತ್ತು ಸರಪಳಿಯ ಮೂಲಕವೋ ಸ್ಟ್ಯಾಂಡಿನ ಉರುಳೆಗಳ ಮೂಲಕವೋ ಹರಿದು, ತಾಗಿದ ಕಡೆಯೆಲ್ಲ ಸುಟ್ಟ ಗುರುತು ಬಿಡುತ್ತದೆ.

ಕ್ಲಾಂಪನ್ನು ಯಾವಾಗ ಬಿಚ್ಚಬೇಕು ಎಂಬುದಕ್ಕೆ ಕೊಳವೆ ಮಾರ್ಗಗಳ ಬೆಸುಗೆಯ ಎಪಿಐ 1104 ಮಾನದಂಡದಲ್ಲಿ ಸ್ಪಷ್ಟ ಉತ್ತರವಿದೆ. ಹೊರಗಿನ ಕ್ಲಾಂಪಾದರೆ, ರೂಟ್ ಬೆಸುಗೆಯ (ತಳದ ಮೊದಲ ಪದರದ) ತುಂಡುಗಳು ಸುತ್ತಲೂ ಸಮನಾಗಿ ಹಂಚಿಕೊಂಡು, ಒಟ್ಟು ಸೇರಿ ಸುತ್ತಳತೆಯ ಶೇ 50ರಷ್ಟಾದರೂ ಆಗಿರಬೇಕು. ನಾಲ್ಕು ಟ್ಯಾಕಿಗೇ ಕ್ಲಾಂಪ್ ಬಿಚ್ಚುವ ಅಭ್ಯಾಸ ನನಗೂ ಇತ್ತು. 12 ಇಂಚಿನ ಪೈಪಿಗೆ ನಾಲ್ಕು ಟ್ಯಾಕ್ ಎಂದರೆ 1018 ಮಿ.ಮೀ.ಯಲ್ಲಿ ಕೇವಲ 100! ಮೊಟ್ಟೆಯಾಕಾರವನ್ನು ಒತ್ತಿ ತಿದ್ದಿದ ಪೈಪು ಹಳೆಯ ರೂಪಕ್ಕೆ ಮರಳಲು ಕಾಯುತ್ತಲೇ ಇರುತ್ತದೆ, ಆ ಒತ್ತಡವೆಲ್ಲ ಟ್ಯಾಕಿನ ಮೇಲೆ ಬೀಳುತ್ತದೆ. ಈಗ ತೋಳುಗಳ ನಡುವಿನ ಜಾಗದಲ್ಲೆಲ್ಲ ರೂಟ್ ಹಾಕಿ ಮುಗಿಸಿದ ಮೇಲೆಯೇ ತಿರುಪು ಮುಟ್ಟುತ್ತೇನೆ.

ಸ್ಟೇನ್‌ಲೆಸ್ ಪೈಪಿಗೆ ಬೇರೆಯೇ ಕ್ಲಾಂಪ್ ಇಟ್ಟಿದ್ದೇನೆ. ಪೈಪಿಗೆ ತಾಗುವ ಪಾದ ಮತ್ತು ತಿರುಪುಗಳೂ ಸ್ಟೇನ್‌ಲೆಸ್ಸಿನವೇ ಆಗಿರಬೇಕು. ಸಾಧಾರಣ ಉಕ್ಕು ಉಜ್ಜಿದ ಜಾಗದಲ್ಲಿ ಆಮೇಲೆ ತುಕ್ಕಿನ ಕಲೆ ಏಳುತ್ತದೆ. ಕೆಲಸ ಮುಗಿದ ಮೇಲೆ ಎಲ್ಲ ಕ್ಲಾಂಪುಗಳ ತಿರುಪಿನ ಎಳೆಗಳಿಂದ ಸಿಡಿದ ಲೋಹದ ಕಣಗಳನ್ನು ತಂತಿ ಬ್ರಷ್ಷಿನಿಂದ ತೆಗೆಯುತ್ತೇನೆ. ಸರಪಳಿಯನ್ನು ತೂಗುಹಾಕಿ ಕೊಂಡಿ ಕೊಂಡಿಯನ್ನೂ ನೋಡುತ್ತೇನೆ. ಒಂದು ಕೊಂಡಿ ಉಳಿದವುಗಳಿಗಿಂತ ಉದ್ದವಾಗಿ ಕಂಡರೂ ಆ ಸರಪಳಿಯನ್ನು ಮತ್ತೆ ಪೈಪಿಗೆ ಸುತ್ತುವುದಿಲ್ಲ.

ಇಷ್ಟೆಲ್ಲ ನೆಲದ ಮೇಲೆ ಅಡ್ಡ ಮಲಗಿದ ಪೈಪಿನ ಮಾತು. ನೆಟ್ಟಗೆ ನಿಲ್ಲಿಸಿ ಮೇಲಿಂದ ಇಳಿಸಿ ಜೋಡಿಸುವ ದೊಡ್ಡ ಪೈಪನ್ನು ನಾನು ಒಬ್ಬನೇ ಮಾಡುವುದಿಲ್ಲ. ಅಲ್ಲಿ ಭಾರವೆಲ್ಲ ಪುಲ್ಲಿಯ ಮೇಲಿರುತ್ತದೆ. ಪುಲ್ಲಿಯ ಬಳಿ ಒಬ್ಬರು, ಜೋಡಣೆಯ ಬಳಿ ಒಬ್ಬರು ಇರಲೇಬೇಕು. ಅಂಥ ಕೆಲಸವಿದ್ದ ದಿನ ಬೆವೆಲ್ ಉಜ್ಜಿ, ಎರಡೂ ತುದಿಗಳ ಸುತ್ತಳತೆಯನ್ನು ಸೀಮೆಸುಣ್ಣದಿಂದ ಪೈಪಿನ ಮೇಲೆಯೇ ಬರೆದು, ಕೆಳಗಿನ ಪೈಪಿಗೆ ಚೈನ್ ಕ್ಲಾಂಪ್ ಬಿಗಿದು, ತೋಳುಗಳನ್ನು ತೆರೆದಿಟ್ಟು ಇನ್ನೊಬ್ಬರು ಬರುವವರೆಗೆ ಕಾಯುತ್ತೇನೆ.