ಮದುವೆ, ಜಾತ್ರೆ ನಿಂತಾಗ ಬಳ್ಳಾರಿಯ ವಾದ್ಯದವರ ಒಲೆ ಆರದಂತೆ ನೋಡಿಕೊಳ್ಳುವುದು ಹೇಗೆ

ಬ್ಯಾಂಡ್ ಸೆಟ್ಟಿನವರು, ಸನಾದಿಯವರು, ಪೌರಾಣಿಕ ನಾಟಕದ ಪೇಟಿ (ಹಾರ್ಮೋನಿಯಂ) ಮಾಸ್ತರು, ಆರ್ಕೆಸ್ಟ್ರಾ ಗಾಯಕರು, ಮೈಕ್ ಸೆಟ್ಟಿನ ಹುಡುಗರು: ಇವರ ಗಳಿಕೆ ಹನ್ನೆರಡು ತಿಂಗಳಿಗೂ ಹರಡಿಕೊಂಡಿರುವುದಿಲ್ಲ. ಸಂಕ್ರಾಂತಿ ಕಳೆದ ಮೇಲಿನ ಜಾತ್ರೆಗಳು, ಯುಗಾದಿಯಿಂದ ಜ್ಯೇಷ್ಠದವರೆಗಿನ ಮದುವೆಗಳು, ಇಷ್ಟರಲ್ಲಿ ಕೂಡಿಟ್ಟಿದ್ದರಲ್ಲೇ ಆಷಾಢದಂಥ ಖಾಲಿ ತಿಂಗಳುಗಳೂ ನಡೆಯಬೇಕು. ಕೊರೊನಾ ಕಾಲದಲ್ಲಿ 2020ರ ಲಾಕ್‌ಡೌನ್ ಶುರುವಾದದ್ದು ಮಾರ್ಚ್ 25ಕ್ಕೆ, ಯುಗಾದಿಯ ದಿನವೇ. 2021ರದು ಏಪ್ರಿಲ್ 27ಕ್ಕೆ. ಎರಡೂ ವರ್ಷ ಅಕ್ಷಯ ತೃತೀಯದ ಮುಹೂರ್ತಗಳು ಕೈತಪ್ಪಿದವು. ಜೂನ್‌ನಲ್ಲಿ ಬೀಗ ಸಡಿಲವಾಗುವ ಹೊತ್ತಿಗೆ ಆಷಾಢ ಬಾಗಿಲಲ್ಲಿ ನಿಂತಿತ್ತು. ಹಾಗಾಗಿ ಎರಡು ತಿಂಗಳು ಊರು ಮುಚ್ಚಿದರೆ ವಾದ್ಯದವರಿಗೆ ಅದು ಒಂದು ವರ್ಷದ ನಷ್ಟ. ಒಂದು ಸಲ ಅಕ್ಕಿ-ಬೇಳೆ ಕಿಟ್ ಕೊಟ್ಟು ಫೋಟೋ ತೆಗೆಸಿಕೊಂಡರೆ ಇದು ತುಂಬುವುದಿಲ್ಲ. ಮುಂದಿನ ಮದುವೆ ಹಂಗಾಮಿನವರೆಗೆ ಲೆಕ್ಕ ಹಾಕಿಯೇ ಕೈ ಹಾಕಬೇಕು.

ಮೊದಲ ಕೆಲಸ ಪಟ್ಟಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಇರುವವರು ಅರ್ಜಿ ಹಾಕಲು ಬಲ್ಲವರು, ನೋಂದಾಯಿತ ಸಂಘದವರು. ಮೆರವಣಿಗೆಯಲ್ಲಿ ತಲೆಯ ಮೇಲೆ ಲೈಟ್ ಹೊರುವ ಹೆಂಗಸರು, ಹಲಗಿ ಬಾರಿಸುವವರು, ಮೊಹರಂನಲ್ಲಿ ರಿವಾಯತ್ ಪದ ಹಾಡುವವರು, ಚರ್ಚಿನಲ್ಲಿ ಕೀಬೋರ್ಡ್ ನುಡಿಸುವ ಹುಡುಗ, ಬ್ಯಾಂಡಿನ ವ್ಯಾನ್ ಡ್ರೈವರ್ ಯಾವ ಪಟ್ಟಿಯಲ್ಲೂ ಸಿಗುವುದಿಲ್ಲ. ಅವರನ್ನು ಹುಡುಕಲು ಬ್ಯಾಂಡ್ ಮಾಲೀಕರು, ಶಾಮಿಯಾನದವರು, ಮೈಕ್ ಅಂಗಡಿಯವರು, ವಾದ್ಯ ರಿಪೇರಿ ಮಾಡುವವರು ಈ ನಾಲ್ಕು ಕಡೆ ಫೋನ್ ಮಾಡಿ. ಕೌಲ್ ಬಜಾರಿಗೆ ಒಬ್ಬರು, ಮಿಲ್ಲರ್‌ಪೇಟೆಗೆ ಒಬ್ಬರು ಎಂದು ಬಡಾವಣೆ ಹಂಚಿಕೊಂಡರೆ ಒಂದು ವಾರದಲ್ಲಿ ಮುಗಿಯುತ್ತದೆ. ಒಂದೊಂದು ಹೆಸರನ್ನೂ ಬೇರೆ ಬೇರೆ ದಾರಿಯಿಂದ ಇಬ್ಬರು ಹೇಳಿರಬೇಕು. ಒಬ್ಬರೇ ಹೇಳಿದ ಹೆಸರುಗಳಲ್ಲಿ ನೆಂಟರು ಸೇರಿಕೊಳ್ಳುತ್ತಾರೆ, ಆಮೇಲೆ ಊರಲ್ಲಿ ಆ ಪಟ್ಟಿಯನ್ನು ಯಾರೂ ನಂಬುವುದಿಲ್ಲ.

ಬರೆದುಕೊಳ್ಳಬೇಕಾದದ್ದು: ಆಧಾರ್‌ನಲ್ಲಿ ಇರುವಂತೆ ಹೆಸರು, ವಯಸ್ಸು, ವಾದ್ಯ, ಮನೆಯಲ್ಲಿ ಉಣ್ಣುವ ಬಾಯಿ ಎಷ್ಟು, ಬಾಡಿಗೆ ಎಷ್ಟು ತಿಂಗಳದ್ದು ಬಾಕಿ, ರೇಷನ್ ಕಾರ್ಡ್ ಉಂಟೋ ಇಲ್ಲವೋ, ದಿನಾ ನುಂಗುವ ಬಿಪಿ-ಶುಗರ್ ಮಾತ್ರೆ, ಒತ್ತೆ ಬಿದ್ದ ಸಾಮಾನು. ಕೇಳುವ ರೀತಿಯೂ ಮುಖ್ಯ. ‘ನಿಮಗೆ ಸಹಾಯ ಬೇಕಾ?’ ಎಂದರೆ ಮರ್ಯಾದಸ್ಥ ಕಲಾವಿದರು ‘ಏನೂ ಬ್ಯಾಡ್ರೀ, ನಡದೈತಿ’ ಅಂದುಬಿಡುತ್ತಾರೆ. ‘ಮಾಸ್ತರ್ರೇ, ಬಾಡಿಗಿ ಎಷ್ಟು ತಿಂಗಳದ್ದು ನಿಂತೈತ್ರೀ? ಪೇಟಿ ಮನ್ಯಾಗ ಐತೋ, ಎಲ್ಯಾರ ಇಟ್ಟೀರೋ?’ ಎಂದು ನೇರ ಕೇಳಿ. ಉತ್ತರ ಬರುತ್ತದೆ.

ಸರ್ಕಾರದ ದುಡ್ಡು ಸಣ್ಣದಾದರೂ ಬಿಡಬಾರದು. ಕರ್ನಾಟಕ ಸರ್ಕಾರ ಕಲಾವಿದರಿಗೆ 2020ರಲ್ಲಿ ತಲಾ 2,000 ರೂಪಾಯಿ, 2021ರಲ್ಲಿ ತಲಾ 3,000 ರೂಪಾಯಿ ಕೊಟ್ಟಿತು. ಇಂಥ ಅರ್ಜಿ ಎಡವುವುದು ಎರಡು ಕಡೆ. ಒಂದು, ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್‌ನಲ್ಲಿ ಇನ್ನೊಂದು. ಇನ್ನೊಂದು, ಕೊಟ್ಟ ಖಾತೆ ಒಂದಾದರೆ ಆಧಾರ್ ಜೋಡಣೆಯಾದ ಖಾತೆ ಬೇರೆ. ನೇರ ವರ್ಗಾವಣೆಯ ಹಣ ಕೊನೆಗೆ ಜೋಡಣೆಯಾದ ಖಾತೆಗೇ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಯಲ್ಲಿ ಹಣ ಬಿದ್ದಿರುತ್ತದೆ, ಕಲಾವಿದರು ‘ಬಂದಿಲ್ಲ’ ಎಂದು ಅಲೆಯುತ್ತಿರುತ್ತಾರೆ. ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಜಾಲತಾಣದಲ್ಲಿ ಮೊಬೈಲ್‌ಗೆ ಬರುವ ಒಟಿಪಿ ಹಾಕಿ ನೋಡಬಹುದು. ಅರ್ಜಿಗೆ ಮುಂಚೆಯೇ ನೋಡಿ.

ಕಲಾವಿದರೆಂಬುದಕ್ಕೆ ಪುರಾವೆಯಾಗಿ ಹಳೆಯ ನಾಟಕದ ಕರಪತ್ರ, ಹೆಸರಿರುವ ಜಾತ್ರೆ ಬ್ಯಾನರಿನ ಫೋಟೋ, ಪತ್ರಿಕೆಯ ತುಣುಕು, ಹಂಪಿ ಉತ್ಸವದಂಥ ಕಾರ್ಯಕ್ರಮದ ಪ್ರಮಾಣಪತ್ರ ಇವನ್ನೆಲ್ಲ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಒಬ್ಬೊಬ್ಬರಿಗೆ ಒಂದು ಪಿಡಿಎಫ್ ಮಾಡಿಡಿ. 58 ದಾಟಿದವರಿಗೆ ಇದೇ ಕಡತ ಸರ್ಕಾರದ ಕಲಾವಿದರ ಮಾಸಾಶನದ ಅರ್ಜಿಗೂ ಬರುತ್ತದೆ. ಅದು ಕೈಗೆ ಬರಲು ಬಹಳ ದಿನ ಹಿಡಿಯುವುದರಿಂದ ಕಷ್ಟ ಬರುವವರೆಗೆ ಕಾಯದೆ ಈಗಲೇ ಹಾಕಿಸುವುದು ಒಳ್ಳೆಯದು.

ಊರಿನ ದುಡ್ಡಿಗೆ ಬರೋಣ. 40 ಮನೆಗೆ ತಿಂಗಳಿಗೆ 5,000ದಂತೆ ಎರಡು ಲಕ್ಷ ಬೇಕು. ತಿಂಗಳಿಗೆ ಸಾವಿರ ಕೊಡುವ 200 ಜನ ಸಿಕ್ಕರೆ ಸಾಕು. ಬಳ್ಳಾರಿಯಷ್ಟು ದೊಡ್ಡ ಊರಿಗೆ ಇದು ಭಾರವಲ್ಲ. ಒಮ್ಮೆಗೇ ಹತ್ತು ಸಾವಿರ ಕೊಡುವವರಿಗಿಂತ ಆರು ತಿಂಗಳು ತಪ್ಪದೆ ಸಾವಿರ ಕೊಡುವವರು ಈ ಕೆಲಸಕ್ಕೆ ಹೆಚ್ಚು ಬೇಕು. ಹಣವನ್ನು ಯಾರ ವೈಯಕ್ತಿಕ ಫೋನ್‌ಪೇಗೂ ತರಿಸಬೇಡಿ. ಇಬ್ಬರ ಸಹಿ ಬೇಕಾಗುವ ಖಾತೆಯಿರಲಿ, ಕ್ಯೂಆರ್ ಚಿತ್ರದ ಕೆಳಗೆ ಖಾತೆಯ ಹೆಸರು ಅಚ್ಚಾಗಿರಲಿ. ಚಿತ್ರ ಗುಂಪಿನಿಂದ ಗುಂಪಿಗೆ ಹರಿಯುವಾಗ ಯಾರಾದರೂ ತಮ್ಮ ಕ್ಯೂಆರ್ ಅಂಟಿಸಿದರೆ, ಹಣ ಕಳಿಸುವ ಮುಂಚೆ ಪರದೆಯ ಮೇಲೆ ಬರುವ ಹೆಸರಿನಿಂದಷ್ಟೇ ಅದು ಗೊತ್ತಾಗುವುದು. ಶನಿವಾರಕ್ಕೊಮ್ಮೆ ಬಂದದ್ದು, ಕೊಟ್ಟದ್ದು, ಉಳಿದದ್ದು ಮೂರು ಸಾಲು ಬರೆದು ಹಾಕಿ. ಪಡೆದವರ ಹೆಸರು ಹಾಕಬೇಡಿ.

ಗಣಿ, ಉಕ್ಕಿನ ಕಂಪನಿಗಳ ಸಿಎಸ್‌ಆರ್ ಹಣ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ತೆಗೆದಿಡುವ ಹಣ, ಕೇಳಬಹುದು. ಕಂಪನಿ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಸಾಂಪ್ರದಾಯಿಕ ಕಲೆಗಳ ಬೆಳವಣಿಗೆಯೂ ಸೇರಿದೆ. ಆದರೆ ಮೊನ್ನೆ ಕಟ್ಟಿದ ಗೆಳೆಯರ ಬಳಗಕ್ಕೆ ಆ ಹಣ ಬರುವುದಿಲ್ಲ. 2021ರ ಏಪ್ರಿಲ್‌ನಿಂದ ಪಡೆಯುವ ಸಂಸ್ಥೆ ಸಿಎಸ್‌ಆರ್-1 ನೋಂದಣಿ ಮಾಡಿಸಿರಬೇಕು. ಊರಿನ ಹಳೆಯ ಟ್ರಸ್ಟ್ ಒಂದರ ಮೂಲಕ ಕೇಳಿ.

ದೇಣಿಗೆಗಿಂತ ಗೌರವದ್ದು, ಕಲಾವಿದರ ಮನಸ್ಸಿಗೂ ಹಿತವಾದದ್ದು ಮುಂಗಡ. ಮದುವೆ ಮುಂದೆ ಹೋದವರು ಬ್ಯಾಂಡಿನವರಿಂದ ಮುಂಗಡ ವಾಪಸ್ ಕೇಳಬಾರದು. ಅದು ಅಷ್ಟರಲ್ಲಿ ಸಮವಸ್ತ್ರಕ್ಕೋ ಹಳೆಯ ಸಾಲಕ್ಕೋ ಹೋಗಿರುತ್ತದೆ. ಅದೇ ರಸೀದಿಯ ಹಿಂದೆ ‘ಮುಂದಿನ ಮುಹೂರ್ತಕ್ಕೆ ಸಲ್ಲುತ್ತದೆ, ಅದೇ ದರ’ ಎಂದು ಬರೆದು ಎರಡೂ ಕಡೆಯವರು ಸಹಿ ಹಾಕಲಿ. ಬರೆಯದಿದ್ದರೆ ಹಂಗಾಮು ಮರಳಿದಾಗ ಒಂದೇ ದಿನಕ್ಕೆ ಎರಡು ಮದುವೆ ಬಿದ್ದು ಜಗಳವಾಗುತ್ತದೆ. 2020ರಲ್ಲಿ ಮದುವೆಗೆ 50 ಜನರ ಮಿತಿ ಇತ್ತು. ಅಂಥ ಮದುವೆಗೆ ಹದಿನಾರು ಜನರ ಬ್ಯಾಂಡ್ ಕರೆಸಲಾಗದು, ಸನಾದಿ, ಡೋಲು, ಶ್ರುತಿ ಮೂವರನ್ನು ಕರೆಸಬಹುದು. ವಾದ್ಯದವರೂ ಆ 50ರಲ್ಲಿ ಸೇರುತ್ತಾರೋ ಇಲ್ಲವೋ ಎಂದು ಅನುಮತಿ ಪಡೆಯುವಾಗಲೇ ಕೇಳಿಕೊಳ್ಳಿ. ತಾಳಿ ಕಟ್ಟುವ ಹೊತ್ತಿಗೆ ಮೊಬೈಲಿನ ಮಂಗಳವಾದ್ಯ ಹಾಕಬೇಡಿ ಎಂದು ಬೀಗರಿಗೆ ಒಂದು ಮಾತು ಹೇಳಿದರೂ ಮೂರು ಮನೆಗೆ ಒಂದು ದಿನದ ಪಗಾರ ಆಯಿತು.

ಇನ್ನು ಒತ್ತೆ ಬಿದ್ದ ವಾದ್ಯ. ಕಷ್ಟದ ಮೂರನೇ ತಿಂಗಳಿಗೆ ಪೇಟಿ, ಕ್ಲಾರಿನೆಟ್, ಕ್ಯಾಸಿಯೋ ಕೀಬೋರ್ಡ್ ಗಿರವಿಗೆ ಹೋಗುತ್ತವೆ. ಅದು ಹೋದರೆ ಹಂಗಾಮು ಮರಳಿದರೂ ದುಡಿಯಲು ಕೈ ಇರುವುದಿಲ್ಲ, ಆದ್ದರಿಂದ ನಿಧಿಯ ಮೊದಲ ಹಣ ಇಲ್ಲಿಗೇ ಹೋಗಬೇಕು. ನೂರಕ್ಕೆ ಮೂರರ ಬಡ್ಡಿಗೆ 8,000 ತಂದಿದ್ದರೆ ತಿಂಗಳಿಗೆ 240, ಆರು ತಿಂಗಳಿಗೆ 1,440. ಕಲಾವಿದರ ಜೊತೆ ಅಂಗಡಿಗೆ ಹೋಗಿ, ಅಸಲು-ಬಡ್ಡಿ ಅವರೆದುರೇ ಕಟ್ಟಿ, ಗಿರವಿ ಚೀಟಿ ವಾಪಸ್ ಪಡೆದು ಹರಿದುಹಾಕಿ. ವಾದ್ಯವನ್ನು ಅಲ್ಲೇ ನುಡಿಸಿ ನೋಡಿ. ಗೋದಾಮಿನ ನೆಲದ ಮೇಲೆ ಬಿದ್ದ ಪೇಟಿಯ ತಿದಿಯನ್ನು ಇಲಿ ಕಡಿದಿರುತ್ತದೆ. ಯಾವ ಮಣೆಯನ್ನೂ (ಬೆರಳಿನಿಂದ ಒತ್ತುವ ಕೀಲಿ) ಮುಟ್ಟದೆ ತಿದಿ ಒತ್ತಿದಾಗ ತಂತಾನೇ ಒಂದು ಸ್ವರ ಕೂಗಿದರೆ ಮಣೆಯ ಕೆಳಗಿನ ಸ್ಪ್ರಿಂಗ್ ಅಥವಾ ತೊಗಲು ಕೆಟ್ಟಿದೆ. ಮಣೆ ಒತ್ತಿದರೂ ಒಂದು ಸ್ವರ ಮೂಕವಾಗಿದ್ದರೆ ರೀಡಿನಲ್ಲಿ ಧೂಳೋ ತುಕ್ಕೋ ಇದೆ. ರಿಪೇರಿ ಹಣವನ್ನೂ ಅದೇ ದಿನ ಕೊಡಿ. ಮನೆಯಲ್ಲೇ ಇರುವ ವಾದ್ಯಕ್ಕೂ ಕೆಲಸವಿಲ್ಲದ ದಿನಗಳು ಹಾಳು: ಪೇಟಿಯನ್ನು ವಾರಕ್ಕೆರಡು ಸಲ ಹತ್ತು ನಿಮಿಷ ನುಡಿಸಿ ನೆಲದಿಂದ ಎತ್ತರಕ್ಕಿಡಬೇಕು, ಟ್ರಂಪೆಟಿನ ಗುಂಡಿಗಳಿಗೆ ವಾಲ್ವ್ ಎಣ್ಣೆಯನ್ನೇ ಹಾಕಬೇಕು. ಕೊಬ್ಬರಿ ಎಣ್ಣೆ ಹಾಕಿದರೆ ಚಳಿಗೆ ಗಟ್ಟಿಯಾಗಿ ಗುಂಡಿ ಹಿಡಿದುಕೊಳ್ಳುತ್ತದೆ.

ಆನ್‌ಲೈನ್ ಕಾರ್ಯಕ್ರಮದ ಬಗ್ಗೆ ಆಸೆ ಅಳತೆಯಲ್ಲಿರಲಿ. ಯೂಟ್ಯೂಬಿನ ಜಾಹೀರಾತು ಹಣಕ್ಕೆ ಲಾಕ್‌ಡೌನ್ ದಿನಗಳಲ್ಲಿ, ವರ್ಷದಲ್ಲಿ 4,000 ಗಂಟೆ ವೀಕ್ಷಣೆ, 1,000 ಚಂದಾದಾರರು ಬೇಕಿತ್ತು; ಹಸಿದವರ ಹೊಟ್ಟೆಗೆ ಅದು ದೂರದ ಮಾತು. ಮೊದಲು ಕೂಲಿ ಕೊಡಿ, ಆಮೇಲೆ ಹಾಡು ಹಾಕಿ. ಹೊರಗಿರುವ ಬಳ್ಳಾರಿಯವರಿಂದ ತೊಟ್ಟಿಲು ಪದ, ಸೋಬಾನೆ ಪದಕ್ಕೆ ಮನೆಯವರ ಹೆಸರು ಸೇರಿಸಿ ಹಾಡಿಸಿಕೊಡುವ ಬೇಡಿಕೆ ಪಡೆದು, ಒಂದಕ್ಕೆ ಇಷ್ಟು ಎಂದು ದರ ಕಟ್ಟಿದರೆ ಹಣ ನೇರ ಬರುತ್ತದೆ. ಸಿನಿಮಾ ಹಾಡಿನ ಕರೋಕೆ ಟ್ರ್ಯಾಕ್ ಬೇಡ, ಹಕ್ಕುದಾರರು ವಿಡಿಯೊ ತಡೆಯುತ್ತಾರೆ. ತತ್ವಪದ, ದಾಸರ ಪದ, ಬಯಲಾಟದ ಪದ ನಮ್ಮಲ್ಲಿ ಬೇಕಾದಷ್ಟಿವೆ.

ರೆಕಾರ್ಡ್ ಮಾಡಲು ಒಂದು ಫೋನ್ ಸಾಕು. ಏರೋಪ್ಲೇನ್ ಮೋಡ್ ಹಾಕಿ, ಫ್ಯಾನ್ ನಿಲ್ಲಿಸಿ, ಹಾಡುವವರ ಹಿಂದಿನ ಗೋಡೆಗೆ ಎರಡು ಕಂಬಳಿ ಇಳಿಬಿಡಿ. ಬರಿಗೋಡೆ ಇದ್ದರೆ ದನಿ ಬಾವಿಯೊಳಗಿಂದ ಬಂದಂತಿರುತ್ತದೆ. ಹಾಡುವವರು ಫೋನಿಗೆ ಎರಡಡಿ, ಪೇಟಿ ನಾಲ್ಕಡಿ, ತಬಲಾ ಆರಡಿ ದೂರ. ಮೂವತ್ತು ಸೆಕೆಂಡ್ ಗಟ್ಟಿಯಾಗಿ ಹಾಡಿಸಿ ಇಯರ್‌ಫೋನಿನಲ್ಲಿ ಕೇಳಿ. ದನಿ ಒಡೆದರೆ ಫೋನನ್ನು ಇನ್ನೊಂದು ಅಡಿ ಹಿಂದಿಡಿ. ವಾಟ್ಸ್ಆ್ಯಪಿನಲ್ಲಿ ವಿಡಿಯೊ ಆಗಿ ಕಳಿಸಿದರೆ ಗುಣಮಟ್ಟ ಇಳಿಯುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಲೈವ್‌ಗಿಂತ ಮುಂಚೆಯೇ ರೆಕಾರ್ಡ್ ಮಾಡಿಕೊಂಡು ಗೊತ್ತಾದ ಹೊತ್ತಿಗೆ ಬಿಡುವುದು ಮೇಲು, ಸಂಜೆ ಏಳರ ಮೇಲೆ ನೆಟ್‌ವರ್ಕ್ ನಂಬುವಂತಿಲ್ಲ. ವಯಸ್ಸಾದವರ ಹಾಡುಗಳಿಗೆ ಮೊದಲ ಸರದಿ ಕೊಡಿ: ರಂಗಗೀತೆಗಳಿಗೆ ಹೆಸರಾಗಿದ್ದ ಸುಭದ್ರಮ್ಮ ಮನ್ಸೂರು 2020ರ ಜುಲೈನಲ್ಲೇ ತೀರಿಕೊಂಡರು. ಅಂಥವರ ದನಿಯನ್ನು ಎರಡನೇ ಸಲ ರೆಕಾರ್ಡ್ ಮಾಡಿಕೊಳ್ಳಲಾಗದು.

ಸಾಂಕ್ರಾಮಿಕದ ದಿನಗಳಲ್ಲಿ ಮುಚ್ಚಿದ ಕೋಣೆಯೊಳಗೆ ಮಾತ್ರ ಹಲವರನ್ನು ಕೂಡಿಸಿ ಹಾಡಿಸಬೇಡಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕಾಗಿಟ್‌ನಲ್ಲಿ 2020ರ ಮಾರ್ಚ್ 10ರಂದು 61 ಜನ ಎರಡೂವರೆ ಗಂಟೆ ಕೂಡಿ ಹಾಡಿದರು. ಖಚಿತ, ಸಂಭವನೀಯ ಎರಡೂ ಸೇರಿ 53 ಜನರಿಗೆ ಕೊರೊನಾ ಸೋಂಕು ತಗುಲಿ ಇಬ್ಬರು ಸತ್ತರು. ಮಾತಿಗಿಂತ ಹಾಡಿನಲ್ಲಿ ಬಾಯಿಂದ ಹೆಚ್ಚು ಹನಿ ಹೊರಬೀಳುತ್ತವೆ. ಮಾಳಿಗೆಯ ಮೇಲೆ, ಸೂರ್ಯ ಇಳಿದ ಮೇಲೆ, ಆರಡಿ ಅಂತರದಲ್ಲಿ ಸಾಲಾಗಿ ಕೂರಿಸಿ, ಎದುರುಬದುರು ಬೇಡ. ಸನಾದಿ, ಕ್ಲಾರಿನೆಟಿನ ಬಾಯಿಭಾಗ ಒಬ್ಬರದು ಒಬ್ಬರಿಗೇ. ಜ್ವರ ಬಂದು ಮನೆಯಲ್ಲೇ ಉಳಿದವರ ಆ ದಿನದ ಕೂಲಿಯನ್ನು ಕಡಿಯಬೇಡಿ. ಕಡಿದರೆ ಮುಂದಿನ ಸಲ ಜ್ವರ ಮುಚ್ಚಿಟ್ಟುಕೊಂಡು ಬಂದು ಕೂರುತ್ತಾರೆ.