ನೆರೆ ಇಳಿದ ಊರಿಗೆ ಶಾಲೆಯ ಮಕ್ಕಳನ್ನು ಕರೆದೊಯ್ಯುವುದು ಹೇಗೆ?

ಕೊಂಕಣದಲ್ಲಿ ನೆರೆ ಬಂದ ಸುದ್ದಿ ಬಂದರೆ ಸಾಕು, ಮುಂಬಯಿಯ ನಮ್ಮ ಕನ್ನಡ ಶಾಲೆಗಳ ಸ್ಟಾಫ್ ರೂಮಿನಲ್ಲಿ ಮಾತು ಶುರುವಾಗುತ್ತದೆ: ಒಂಬತ್ತನೆಯ ಮಕ್ಕಳನ್ನು ಕರೆದುಕೊಂಡು ಹೋಗಿ ಏನಾದರೂ ಕೆಲಸ ಮಾಡಿ ಬರೋಣ್ವಾ? ಖಂಡಿತ ಹೋಗಬಹುದು. ಚಿಪ್ಳೂಣ್, ಮಹಾಡ್ ನಮಗೆ ಪರ ಊರುಗಳೇನಲ್ಲ. ನಾವು ಊರಿಗೆ ಹೋಗುವ ಮತ್ಸ್ಯಗಂಧ ರೈಲು ಚಿಪ್ಳೂಣ್ ದಾಟಿಯೇ ಹೋಗುವುದು. 2021ರ ಜುಲೈ 22ರಂದು ವಾಶಿಷ್ಠಿ ನದಿ ಉಕ್ಕಿ ಚಿಪ್ಳೂಣ್ ಪೇಟೆ ಮುಳುಗಿದಾಗ ಆ ದಾರಿಯ ರೈಲುಗಳೂ ನಿಂತಿದ್ದವು. ಅದೇ ಹೊತ್ತಿಗೆ ಸಾವಿತ್ರಿ ನದಿ ಮಹಾಡಿನೊಳಗೆ ನುಗ್ಗಿತ್ತು. ಆ ತಾಲ್ಲೂಕಿನ ತಳಿಯೆ ಊರಿನ ಮೇಲೆ ಗುಡ್ಡವೇ ಕುಸಿದಿತ್ತು.

ಯಾವಾಗ ಹೋಗಬೇಕು?

ಮೊದಲ ವಾರ ಬೇಡವೇ ಬೇಡ. ಆಗ ಎನ್‌ಡಿಆರ್‌ಎಫ್ ಅಂದರೆ ಕೇಂದ್ರದ ವಿಪತ್ತು ಪಡೆಯವರು, ಪೊಲೀಸರು, ನಗರಸಭೆಯವರು ಕೆಲಸದಲ್ಲಿರುತ್ತಾರೆ. ಊರಿನವರಿಗೇ ಕುಡಿಯುವ ನೀರಿರುವುದಿಲ್ಲ, ಕರೆಂಟ್ ಇರುವುದಿಲ್ಲ. ಅಲ್ಲಿ ಮೂವತ್ತು ಮಕ್ಕಳು ಇಳಿದರೆ ಅವರಿಗೂ ನೀರು, ಶೌಚಾಲಯ ಹುಡುಕುವುದು ಊರಿನವರ ತಲೆಗೇ ಬರುತ್ತದೆ. ಗುಡ್ಡ ಕುಸಿದ ಜಾಗಕ್ಕಂತೂ ಮಕ್ಕಳನ್ನು ಯಾವ ವಾರದಲ್ಲೂ ಒಯ್ಯಬೇಡಿ.

ಎರಡನೆಯ, ಮೂರನೆಯ ವಾರ ಒಳ್ಳೆಯದು. ಟಿವಿಯವರು ಹೊರಟು ಹೋಗಿರುತ್ತಾರೆ, ಕೆಸರು ಮಾತ್ರ ಉಳಿದಿರುತ್ತದೆ. ಇನ್ನೊಂದು ಲೆಕ್ಕವೂ ಇದೆ. ಕೊಂಕಣದ ಮನೆಗಳಿಗೆ ಗಣಪತಿಯೇ ದೊಡ್ಡ ಹಬ್ಬ. ಅಷ್ಟರೊಳಗೆ ಮನೆ ಚೊಕ್ಕಟವಾಗಬೇಕು ಅನ್ನುವ ತವಕ ಎಲ್ಲರಿಗೂ ಇರುತ್ತದೆ. ಹಬ್ಬ ಹತ್ತಿರ ಬಂದರೆ ಹೇಗೂ ರೈಲಿನಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ.

ಯಾರನ್ನು ಕೇಳಬೇಕು?

ಅಲ್ಲಿನ ಯಾವುದಾದರೂ ಶಾಲೆಯ ಹೆಡ್ ಮಾಸ್ತರಿಗೆ ಫೋನ್ ಮಾಡಿ. ಯಾವ ಓಣಿಯಲ್ಲಿ ಯಾರ ಮನೆಗೆ ಏನಾಗಿದೆ ಎಂದು ಅವರಿಗೆ ಗೊತ್ತಿರುತ್ತದೆ. ‘ನಿಮಗೇನು ಬೇಕು?’ ಎಂದು ಕೇಳಿದರೆ ಸಂಕೋಚಕ್ಕೆ ‘ಏನಾದರೂ ಕೊಡಿ’ ಅನ್ನುತ್ತಾರೆ. ಎಷ್ಟು ಕ್ಲಾಸ್ ರೂಮಿನಲ್ಲಿ ಕೆಸರಿದೆ, ತೊಳೆಯಲು ನೀರು ಎಲ್ಲಿಂದ, ಸಲಿಕೆ ಎಷ್ಟಿವೆ ಎಂದು ಬಿಡಿಸಿ ಕೇಳಿ.

ಹಳೆ ಬಟ್ಟೆ ಮಾತ್ರ ಒಯ್ಯಬೇಡಿ. ಅವು ರಸ್ತೆ ಬದಿಯಲ್ಲಿ ರಾಶಿ ಬಿದ್ದು, ಕೊನೆಗೆ ಊರಿನವರೇ ಎತ್ತಿ ಹಾಕಬೇಕಾಗುತ್ತದೆ. ಮುಂಬಯಿಯ ನಮ್ಮ ಕನ್ನಡಿಗ ಹೋಟೆಲಿನವರು ನೆರವು ಕೇಳಿದರೆ ಇಲ್ಲ ಅನ್ನುವುದಿಲ್ಲ. ಅಕ್ಕಿ ಮೂಟೆಯ ಬದಲು ಹಣ ಕೊಡಿ ಎಂದು ಹೇಳಿ. ಅಂಗಡಿ ತೆರೆದಿದ್ದರೆ ಪೊರಕೆ, ಫಿನಾಯಿಲ್, ನೋಟ್‌ಬುಕ್ ಎಲ್ಲ ಅಲ್ಲೇ ಕೊಳ್ಳಿ. ಮುಳುಗಿದ್ದು ಅಂಗಡಿಯವನ ಬಾಳೂ ಹೌದಲ್ವಾ?

ಹೊರಡುವ ಮುಂಚೆ

ಶಿಕ್ಷಣ ಇಲಾಖೆಯ ಅನುಮತಿ, ಪಾಲಕರ ಸಹಿ ಇರಲಿ. ಎಂಟು ಮಕ್ಕಳಿಗೆ ಒಬ್ಬ ದೊಡ್ಡವರು ಬೇಕು. ರೈಲ್ವೆಯಲ್ಲಿ ಒಂದು ರಿಸರ್ವೇಶನ್ ಫಾರ್ಮಿಗೆ ಆರೇ ಜನ, ಆದ್ದರಿಂದ ಗುಂಪಿನ ಬುಕಿಂಗಿಗೆ ಮೊದಲೇ ಅರ್ಜಿ ಕೊಡಿ. ಉಳಿಯುವುದು ನೆರೆ ಮುಟ್ಟದ ಕಡೆ, ಊಟ ನಮ್ಮದೇ.

ಆರೋಗ್ಯದ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ನೆರೆಯ ಕೆಸರಿನಲ್ಲಿ ಇಲಿ ಮೂತ್ರ ಸೇರಿರುತ್ತದೆ, ಅದರಿಂದ ಲೆಪ್ಟೊಸ್ಪೈರೋಸಿಸ್ ಅಂದರೆ ಇಲಿ ಜ್ವರ ಬರುತ್ತದೆ. ಕಾಲಿನಲ್ಲಿ ಗಾಯವಿರುವ ಮಗುವನ್ನು ಕೆಸರಿಗೆ ಇಳಿಸಬೇಡಿ. ಗಂಬೂಟು, ರಬ್ಬರ್ ಕೈಗವಸು ಎಲ್ಲರಿಗೂ ಬೇಕು. ಮುಂಜಾಗ್ರತೆಗೆ ಡಾಕ್ಸಿಸೈಕ್ಲಿನ್ ಎಂಬ ಮಾತ್ರೆ ಕೊಡುವುದುಂಟು, ಆದರೆ ಅದು ಡಾಕ್ಟರ್ ತೀರ್ಮಾನ. ಮಾಸ್ತರು ಚಾಕಲೇಟ್ ಹಂಚಿದ ಹಾಗೆ ಹಂಚುವುದಲ್ಲ. 10ನೆಯ ವಯಸ್ಸಿನ ಟಿಡಿ (ಧನುರ್ವಾಯು, ಡಿಫ್ತೀರಿಯಾ) ಲಸಿಕೆ ಆಗಿದೆಯಾ ಎಂದು ಕಾರ್ಡ್ ನೋಡಿ.

ಕೆಲಸಕ್ಕೆ ಕೈ ಹಾಕುವಾಗ

ಯಾರ ಮನೆಗೆ ಹೋದರೂ ಮೊದಲ ಪ್ರಶ್ನೆ ಒಂದೇ: ‘ಪಂಚನಾಮಾ ಝಾಲಾ ಕಾ?’ ಅಂದರೆ, ಹಾನಿಯ ಪಂಚನಾಮೆ ಆಯ್ತಾ? ತಲಾಠಿ, ಅಂದರೆ ಗ್ರಾಮ ಲೆಕ್ಕಿಗರು, ಬಂದು ಹಾನಿಯನ್ನು ಬರೆದುಕೊಳ್ಳುವ ಮುಂಚೆ ನಾವು ಉತ್ಸಾಹದಿಂದ ನೆನೆದ ಹಾಸಿಗೆ, ಕೆಟ್ಟ ಮಿಕ್ಸರ್ ಎಲ್ಲ ಎಸೆದುಬಿಟ್ಟರೆ ಪರಿಹಾರಕ್ಕೆ ತೋರಿಸಲು ಅವರ ಹತ್ತಿರ ಏನಿರುತ್ತದೆ? ಆಗಿಲ್ಲ ಅಂದರೆ ಫೋಟೋ ತೆಗೆದು ಮನೆಯವರಿಗೇ ಕೊಡಿ, ಸಾಮಾನು ಮುಟ್ಟದೆ ಮುಂದಿನ ಮನೆಗೆ ನಡೆಯಿರಿ. ಮಕ್ಕಳು ಅಲ್ಲಿ ಮೊಬೈಲ್ ಎತ್ತುವುದು ಈ ಕೆಲಸಕ್ಕೆ ಮಾತ್ರ. ಮುಳುಗಿದ ಮನೆಯ ಮುಂದೆ ಸೆಲ್ಫಿ ಬೇಡ.

ಮೇನ್ ಸ್ವಿಚ್ ಆಫ್ ಇದೆಯಾ ನೋಡಿದ ಮೇಲೆಯೇ ಒಳಗೆ ಕಾಲಿಡಿ. ಕೆಸರು ಹಸಿಯಾಗಿರುವಾಗಲೇ ಸಲಿಕೆಯಿಂದ ಬಾಚಿ ಹೊರಗೆ ಹಾಕಬೇಕು, ಒಣಗಿದರೆ ಸಿಮೆಂಟೇ ಸರಿ. ಗೋಡೆಯನ್ನು ಮೇಲಿನಿಂದ ಕೆಳಕ್ಕೆ ಉಜ್ಜಿ, ನೀರು ಕೊನೆಗೆ. ಮೂಲೆ, ಕಪಾಟಿನ ಅಡಿಯನ್ನು ಕೋಲಿನಿಂದ ತಟ್ಟಿ ನೋಡಿ, ಹಾವಿರಬಹುದು. ಬ್ಲೀಚಿಂಗ್ ಪೌಡರಿನ ಜೊತೆ ಟಾಯ್ಲೆಟ್ ಕ್ಲೀನರ್ ಆಸಿಡ್ ಸೇರಿಸಿದರೆ ವಿಷಗಾಳಿ ಏಳುತ್ತದೆ. ಹಾಗಾಗಿ ಔಷಧಿ ಕೆಲಸವೆಲ್ಲ ದೊಡ್ಡವರದು.

ಸಲಿಕೆ ಹಿಡಿಯಲಾಗದ ಮಕ್ಕಳಿಗೆ ಇನ್ನೂ ಒಳ್ಳೆಯ ಕೆಲಸವಿದೆ: ಕಾಗದ ಪತ್ರ. ಹಾಸಿಗೆಯ ಕೆಳಗಿನ ಪ್ಲಾಸ್ಟಿಕ್ ಚೀಲದಿಂದ ರೇಷನ್ ಕಾರ್ಡ್, ಪಾಸ್‌ಬುಕ್, ಹತ್ತನೆಯ ಅಂಕಪಟ್ಟಿ ಎಲ್ಲ ಒಂದೇ ಮುದ್ದೆಯಾಗಿ ಹೊರಬರುತ್ತವೆ. ಎಳೆದು ಬಿಡಿಸಬೇಡಿ, ಹರಿಯುತ್ತವೆ. ಬಿಸಿಲಿಗೂ ಹಾಕಬೇಡಿ. ತಾನಾಗಿ ಬಿಡುವ ಹಾಳೆಗಳ ನಡುವೆ ಬಿಳಿ ಕಾಗದ ಇಟ್ಟು ನೆರಳಿನಲ್ಲಿ, ಗಾಳಿಗೆ ಬಿಡಿ. ಒದ್ದೆಯಾದ ಕಾಗದ ಆಗಾಗ ಬದಲಿಸುತ್ತಿರಬೇಕು. ಫೋಟೋಗಳನ್ನು ಶುದ್ಧ ನೀರಿನಲ್ಲಿ ಅದ್ದಿ, ಮುಖ ಮೇಲಾಗಿ ಹರಡಿ. ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ ಓದಿದವರು, ಅದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಕನ್ನಡಕ ನೀರಿನಲ್ಲಿ ಹೋದ ಅಜ್ಜಿಗೆ ಹೊಸ ಪಾಸ್‌ಬುಕ್ಕಿನ ಅರ್ಜಿ ಬರೆದುಕೊಡಲು ಒಬ್ಬ ಹುಡುಗಿ ಸಾಕು.

ಮರಳಿದ ಮೇಲೆ ಪಾಲಕರಿಗೆ ಇಷ್ಟು ಹೇಳಿ ಕಳಿಸಿ: ಮೂರು ನಾಲ್ಕು ವಾರದೊಳಗೆ ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಯ ಮಾತ್ರೆಯಲ್ಲಿ ದಿನ ದೂಡಬೇಡಿ. ಡಾಕ್ಟರ್ ಹತ್ತಿರ ಹೋಗಿ, ಮಗು ನೆರೆಯ ಕೆಸರಿನಲ್ಲಿ ಕೆಲಸ ಮಾಡಿದೆ ಎಂದು ಅವರು ಕೇಳುವ ಮುಂಚೆಯೇ ಹೇಳಿ.