ಡಿಕ್ಕಿಯ ಲೆಕ್ಕ ಸಾಲದು

ಉಷ್ಣತೆ ಏರಿದರೆ ರಾಸಾಯನಿಕ ಕ್ರಿಯೆ ಏಕೆ ಚುರುಕಾಗುತ್ತದೆ ಎಂದು ಕೇಳಿದರೆ ತರಗತಿಯಲ್ಲಿ ಸಿದ್ಧ ಉತ್ತರ ಬರುತ್ತದೆ: ಅಣುಗಳು ಜೋರಾಗಿ ಓಡುತ್ತವೆ, ಹೆಚ್ಚು ಸಲ ಡಿಕ್ಕಿ ಹೊಡೆಯುತ್ತವೆ. ಉತ್ತರ ಸುಳ್ಳಲ್ಲ, ಆದರೆ ಸಾಲದು. ಎಷ್ಟು ಸಾಲದು ಎಂಬುದನ್ನು ನಾನು ಪ್ರಯೋಗ ಮಾಡಿಯೇ ತೋರಿಸುತ್ತೇನೆ.

ಇದಕ್ಕೆ ನಾನು ನೆಚ್ಚಿಕೊಂಡಿರುವುದು ಸೋಡಿಯಂ ಥಯೋಸಲ್ಫೇಟನ್ನು. 50 ಮಿಲಿಲೀಟರ್ ದ್ರಾವಣಕ್ಕೆ 5 ಮಿಲಿಲೀಟರ್ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ ಗಂಧಕದ ಸೂಕ್ಷ್ಮ ಕಣಗಳು ಹುಟ್ಟಿ ತಿಳಿಯಾಗಿದ್ದ ದ್ರಾವಣ ಮಸುಕಾಗುತ್ತಾ ಹೋಗುತ್ತದೆ. ಫ್ಲಾಸ್ಕಿನ ಅಡಿಯಲ್ಲಿ ಕಾಗದದ ಮೇಲೆ ಬರೆದ ಕಪ್ಪು ಗುಣಾಕಾರದ ಚಿಹ್ನೆ ಕಾಣದಾದೊಡನೆ ಸ್ಟಾಪ್‌ವಾಚ್ ನಿಲ್ಲಿಸುತ್ತೇನೆ. ಪ್ರತಿ ಸಲವೂ ಅದೇ ಫ್ಲಾಸ್ಕ್, ಅದೇ ಕಾಗದ, ನೋಡುವ ಕಣ್ಣೂ ಒಬ್ಬರದೇ ಆಗಿರಬೇಕು. ಸಲ್ಫರ್ ಡೈಆಕ್ಸೈಡ್ ಹೊರಬರುವುದರಿಂದ ಕಿಟಕಿಗಳು ತೆರೆದೇ ಇರುತ್ತವೆ.

ನಿಜವಾದ ಕಿರಿಕಿರಿ ಉಷ್ಣತೆಯದು. ಬಿಸಿನೀರಿನ ತೊಟ್ಟಿಯ ಥರ್ಮಾಮೀಟರನ್ನು ನಾನು ನಂಬುವುದಿಲ್ಲ. ಎರಡೂ ದ್ರಾವಣಗಳನ್ನು ತೊಟ್ಟಿಯಲ್ಲಿಟ್ಟು ಒಂದೇ ಉಷ್ಣತೆಗೆ ತರುತ್ತೇನೆ. ಬೆರೆಸಿದ ಕೂಡಲೇ ಒಮ್ಮೆ, ಚಿಹ್ನೆ ಮರೆಯಾದಾಗ ಮತ್ತೊಮ್ಮೆ ಮಿಶ್ರಣದಲ್ಲೇ ಅಳೆದು ಸರಾಸರಿ ಬರೆದುಕೊಳ್ಳುತ್ತೇನೆ.

27 ಡಿಗ್ರಿ ಸೆಲ್ಸಿಯಸ್‌ನಿಂದ 37ಕ್ಕೆ ಹೋದರೆ ಬೇಕಾಗುವ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಆಗ ಆ ಸಿದ್ಧ ಉತ್ತರವನ್ನು ಲೆಕ್ಕಕ್ಕೆ ಒಡ್ಡುತ್ತೇನೆ. ಅಣುಗಳ ಸರಾಸರಿ ವೇಗ ಕೆಲ್ವಿನ್ ಉಷ್ಣತೆಯ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಅದೇ 27ರಿಂದ 37 ಡಿಗ್ರಿಗೆ, ಅಂದರೆ 300ರಿಂದ 310 ಕೆಲ್ವಿನ್‌ಗೆ ಏರಿದಾಗ ಅದು ಹೆಚ್ಚುವುದು ಶೇಕಡಾ 1.7ರಷ್ಟು ಮಾತ್ರ! ಕ್ರಿಯಾವೇಗ ಇಮ್ಮಡಿಯಾದದ್ದು ಹೇಗೆ? ಬಹುಪಾಲು ಡಿಕ್ಕಿಗಳು ವ್ಯರ್ಥ. ಸಕ್ರಿಯಣ ಶಕ್ತಿಯೆಂಬ ಎಲ್ಲೆಯನ್ನು ದಾಟುವಷ್ಟು ಶಕ್ತಿಯಿರುವ ಡಿಕ್ಕಿ ಮಾತ್ರ ಫಲ ಕೊಡುತ್ತದೆ. ಉಷ್ಣತೆ ತುಸು ಏರಿದರೂ ಅಂಥ ಡಿಕ್ಕಿಗಳ ಪಾಲು ಬಹಳ ಬೆಳೆಯುತ್ತದೆ. ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ, ಕ್ರಿಯೆಗೆ ಒಳಗಾಗಬಲ್ಲ ಸಕ್ರಿಯ ಅಣುಗಳ ಪಾಲು ಉಷ್ಣತೆಯೊಂದಿಗೆ ಹೀಗೆ ಬೆಳೆಯುತ್ತದೆ ಎಂಬುದನ್ನೇ ತಮ್ಮ ಸಮೀಕರಣಕ್ಕೆ ಆಧಾರವಾಗಿಸಿಕೊಂಡರು.

ಪ್ರತಿ ಸಲವೂ ಮರೆಮಾಡುವ ಗಂಧಕದ ಪ್ರಮಾಣ ಒಂದೇ ಆದ್ದರಿಂದ ಸಮಯದ ವಿಲೋಮವನ್ನೇ ವೇಗವೆಂದು ಹಿಡಿಯುತ್ತೇನೆ. ಅದರ ಸ್ವಾಭಾವಿಕ ಲಾಗರಿದಮ್ಮನ್ನು ಕೆಲ್ವಿನ್ ಉಷ್ಣತೆಯ ವಿಲೋಮದೆದುರು ಗುರುತಿಸಿದರೆ ಇಳಿಯುವ ಸರಳರೇಖೆ ಸಿಗುತ್ತದೆ. ಅದರ ಇಳಿಜಾರನ್ನು ಅನಿಲ ಸ್ಥಿರಾಂಕವಾದ 8.314ರಿಂದ ಗುಣಿಸಿ, ಋಣ ಚಿಹ್ನೆ ಬಿಟ್ಟರೆ, ಸಕ್ರಿಯಣ ಶಕ್ತಿ ಮೋಲಿಗೆ ಇಷ್ಟು ಜೂಲ್ ಎಂದು ಕೈಗೆ ಬರುತ್ತದೆ. 27ರಿಂದ 37 ಡಿಗ್ರಿಗೆ ಏರಿದಾಗ ವೇಗ ಸರಿಯಾಗಿ ಇಮ್ಮಡಿಯಾಗಬೇಕಾದರೆ ಅದು ಸುಮಾರು 54 ಕಿಲೋಜೂಲ್ ಇರಬೇಕು. 10 ಡಿಗ್ರಿಗೆ ಇಮ್ಮಡಿ ಎಂಬ ಮಾತು ಎಲ್ಲ ಕ್ರಿಯೆಗಳಿಗೂ ಒಪ್ಪುವ ನಿಯಮವಲ್ಲ.

55 ಡಿಗ್ರಿ ದಾಟಿದ ಮೇಲೆ ಚಿಹ್ನೆ ಕೆಲವೇ ಸೆಕೆಂಡುಗಳಲ್ಲಿ ಮಾಯವಾಗುತ್ತದೆ, ಅನಿಲವೂ ಜಾಸ್ತಿ. ಅಲ್ಲಿ ಅಳೆದದ್ದರಲ್ಲಿ ಕ್ರಿಯೆಯ ವೇಗವೆಷ್ಟು, ನನ್ನ ಹೆಬ್ಬೆರಳಿನ ವೇಗವೆಷ್ಟು ಎಂದು ಬೇರ್ಪಡಿಸಲಾಗದು. ಆ ಬಿಂದುಗಳನ್ನು ನಾನು ನಕ್ಷೆಗೆ ಸೇರಿಸುವುದಿಲ್ಲ.